ಬ್ಯಾಟರಿಗೆ ಹಚ್ಚಿದ ಗಂಧ

ನಮ್ಮೂರಿನಲ್ಲಿ ಯಾರ ಮನೆಯ ಹೇಂಟೆಯಾದರೂ ಮೈ ಉಬ್ಬಿಸಿಕೊಂಡು ಕಾವಿಗೆ ಕೂರುವ ಲಕ್ಷಣ ತೋರಿಸಿದರೆ, ಆ ಮನೆಯ ಹೆಂಗಸರು ಬುಟ್ಟಿ ಹುಡುಕುವ ಮೊದಲು ನಮ್ಮ ಅಕ್ಕನನ್ನು ಹುಡುಕುತ್ತಿದ್ದರು. ಅವಳ ಕೈಯಲ್ಲಿ ಮೊಟ್ಟೆ ಇಡಿಸಿದರೆ ಒಂದೂ ಹಾಳಾಗುವುದಿಲ್ಲ ಎಂದು ನಂಬಿಕೆ. ಅಕ್ಕ ಹೋಗಿ ಬುಟ್ಟಿಗೆ ಭತ್ತದ ಹೊಟ್ಟು ಹರವುತ್ತಿದ್ದಳು. ಗುಡುಗು ಸಿಡಿಲಿಗೆ ಮೊಟ್ಟೆ ಕೆಡದಿರಲಿ ಎಂದು ಮೂಲೆಗೆ ಒಂದು ಚೂರು ಇದ್ದಿಲು, ಒಂದು ಕಬ್ಬಿಣದ ಮೊಳೆ ಸೇರಿಸುತ್ತಿದ್ದಳು. ಆಮೇಲೆ ಒಂದೊಂದೇ ಮೊಟ್ಟೆಯನ್ನು ಕೆನ್ನೆಗೆ ತಾಗಿಸಿ ನೋಡಿ ಇಡುತ್ತಿದ್ದಳು. ಇದಕ್ಕೆ ಜನ ಕೈಗುಣ ಎನ್ನುತ್ತಿದ್ದರು. ಅಕ್ಕನಿಗೆ ಮೈಮೇಲೆ ಚಿನ್ನ ಹೆಚ್ಚಿರಲಿಲ್ಲ, ಊರಲ್ಲಿ ಅವಳಿಗಿದ್ದ ಮರ್ಯಾದೆ ಈ ಕೈಯದು.

ಆ ಕೈಯ ಮೇಲೆ ನಾನು ಒಂದು ಮಾತು ಆಡಿದೆ. ನನ್ನ ತಪ್ಪು ಮುಚ್ಚಿಕೊಳ್ಳಲು ಆಡಿದೆ. ಅದು ಹೇಗಾಯಿತು, ಆಮೇಲೆ ಹೇಗೆ ಸರಿಹೋಯಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಬರೆದು ಅಭ್ಯಾಸ ಕಡಿಮೆ. ಒತ್ತಕ್ಷರ ತಪ್ಪಿದ ಕಡೆ ಭಾವ ತಿದ್ದಿಕೊಟ್ಟಿದ್ದಾರೆ. ಉಳಿದದ್ದನ್ನು ತಿದ್ದಬೇಡಿ ಎಂದು ಕೇಳಿಕೊಂಡಿದ್ದೇನೆ.

ಅಮ್ಮ ಹೋದ ಮೇಲೆ ನಾನು ಅಕ್ಕನ ಮನೆಯಲ್ಲೇ ಬೆಳೆದೆ, ಈಗಲೂ ಅಲ್ಲೇ ಇದ್ದೇನೆ. ಪಿಕಪ್ ಓಡಿಸುತ್ತೇನೆ. ಶುಂಠಿ, ಮೆಣಸು, ಗೊಬ್ಬರ, ಯಾವುದು ಸಿಕ್ಕಿದರೆ ಅದು. ಭಾವ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರು, ಆಳುಗಳ ಹಾಜರಿ ಬರೆಯುವವರು. "ನಮ್ಮನೇಲಿ ಬರೆಯೋನು ಒಬ್ಬ, ಓಡ್ಸೋನು ಒಬ್ಬ, ಇಬ್ರನ್ನೂ ಬೈಯೋಳು ಒಬ್ಳು" ಎಂದು ಅವರು ಬಂದವರಿಗೆ ನಮ್ಮನ್ನು ಪರಿಚಯ ಮಾಡಿಕೊಡುವುದು.

ಅಕ್ಕ ಮರಿ ಮಾಡುವ ಪೆಟ್ಟಿಗೆ ತರಿಸಿದ್ದು ಎರಡು ವರ್ಷದ ಹಿಂದೆ. ನಾಟಿ ಕೋಳಿ ಮರಿಗೆ ಶನಿವಾರದ ಸಂತೆಯಲ್ಲಿ ಜನ ಮುಗಿಬೀಳುತ್ತಾರೆ. ಒಂದು ಹೇಂಟೆಯ ಹೊಟ್ಟೆಯಡಿ ಎಷ್ಟು ಮೊಟ್ಟೆ ಹಿಡಿದೀತು? ಈ ಪೆಟ್ಟಿಗೆಯಲ್ಲಿ ಬೇಕಾದಷ್ಟು ಹಿಡಿಯುತ್ತದೆ. ಒಳಗೆ ಬಿಸಿ ಕೊಡುವ ಬಲ್ಬುಗಳು, ಆ ಬಿಸಿಯನ್ನು ಸುತ್ತಿಸುವ ಪುಟ್ಟ ಫ್ಯಾನು, ತಾನೇ ಓಲಾಡುವ ತಟ್ಟೆ. ಮುಂದುಗಡೆ ಗಾಜು. ಪೆಟ್ಟಿಗೆ ಕೇಳುವುದು ಒಂದನ್ನೇ, ಕರೆಂಟು ನಿಲ್ಲಬಾರದು. ನಮ್ಮ ಕಡೆ ಅದೊಂದನ್ನು ಯಾರೂ ಕೇಳುವ ಹಾಗಿಲ್ಲ. ಗಾಳಿಗೆ ಕೊಂಬೆ ಬಿದ್ದರೆ ಹೋಯಿತು, ಆನೆ ಬಂದು ಬೈನೆ ಮರ ಕೆಡವಿದರೆ ಹೋಯಿತು. ಮನೆಯಲ್ಲಿ ಯುಪಿಎಸ್ ಇತ್ತು, ಆದರೆ ಅದರ ಎರಡು ಬ್ಯಾಟರಿಗಳು ಹೊಟ್ಟೆ ಊದಿಕೊಂಡು ಮುದಿಯಾಗಿದ್ದವು. ಪೆಟ್ಟಿಗೆಗೋಸ್ಕರ ಅಕ್ಕ ಹೊಸ ಬ್ಯಾಟರಿಗಳನ್ನು ತರಲು ಹೇಳಿದಳು. ನಾನೇ ಪಿಕಪ್ಪಿನಲ್ಲಿ ತಂದೆ.

ಅಂಗಡಿಯವನು, ಹಬ್ಬ ಕಳೆದ ಮೇಲೆ ಬಂದು ಕೂರಿಸಿಕೊಡುತ್ತೇನೆ ಎಂದಿದ್ದ. "ಪಿಕಪ್ಪಿನ ಬ್ಯಾಟರಿ ಎಷ್ಟು ಸಲ ಬದಲಾಯಿಸಿಲ್ಲ? ಅವ್ನು ಯಾಕೆ, ನಾನಿಲ್ವಾ?" ಎಂದೆ ನಾನು.

ಮಾರನೇ ದಿನ ಆಯುಧಪೂಜೆ. ನಮ್ಮಲ್ಲಿ ಆ ದಿನ ಪೂಜೆಯಿಲ್ಲದೆ ಯಾವ ಹತಾರವನ್ನೂ ಮುಟ್ಟುವುದಿಲ್ಲ. ಕತ್ತಿ, ಗುದ್ದಲಿ, ಕೋವಿ, ಪಿಕಪ್, ಮಿಕ್ಸಿ, ಭಾವನ ಪೆನ್ನು ಎಲ್ಲಕ್ಕೂ ಗಂಧ ಕುಂಕುಮ. ಹೊಸ ಬ್ಯಾಟರಿಗಳೂ ಸಾಲಿನಲ್ಲಿ ಕೂತವು. ಅಕ್ಕ ಸಾಣೆಕಲ್ಲಿನ ಮೇಲೆ ಒಳ್ಳೆಯ ಗಂಧದ ಕೊರಡು ತೇಯ್ದು ಬಟ್ಟಲು ತುಂಬಿಸಿದ್ದಳು. ಮೊಸರಿನಷ್ಟು ಗಟ್ಟಿ. ಪ್ರತಿ ಬ್ಯಾಟರಿಯ ಮೇಲೆ ಎರಡು ಸೀಸದ ಗುಬಟುಗಳು, ವೈರಿನ ಕ್ಲಾಂಪು ಹಿಡಿಯುವ ಜಾಗ, ಹೊಸತಾಗಿ ಹೊಳೆಯುತ್ತಿದ್ದವು. ನನಗೆ ಅವು ನಾಲ್ಕು ಹಣೆಗಳ ಹಾಗೆ ಕಂಡವು. ಬೆರಳು ಅದ್ದಿ ನಾಲ್ಕಕ್ಕೂ ಸುತ್ತ ಬಳಿದೆ, ಮೇಲೆ ಕುಂಕುಮ ಒತ್ತಿದೆ.

"ಅಲ್ಲಿಗ್ಯಾಕೋ ಅಷ್ಟು? ಡಬ್ಬದ ಮೈಗೆ ಒಂದು ಬೊಟ್ಟಿಡು ಸಾಕು" ಎಂದಳು ಅಕ್ಕ.

"ದೇವರ ಗಂಧ ಕಣಕ್ಕ. ಎಲ್ಲಿ ಹಚ್ಚಿದ್ರೂ ಒಳ್ಳೇದೇ."

"ನಿನ್ ಕೈಗೆ ಬಟ್ಟಲು ಕೊಟ್ಟಿದ್ದೇ ತಪ್ಪು. ಗೋಡೆಗೆ ಸುಣ್ಣ ಬಳ್ದಂಗೆ ಬಳೀತೀಯ."

ಮಂಗಳಾರತಿ ಆದ ಮೇಲೆ, ಗಂಧ ಇನ್ನೂ ಹಸಿಯಾಗಿದ್ದಾಗಲೇ, ಕ್ಲಾಂಪುಗಳನ್ನು ಅದರ ಮೇಲೇ ಕೂರಿಸಿ ಬೋಲ್ಟು ಬಿಗಿದೆ. ಒರೆಸಿದರೆ ಪೂಜೆ ಅಳಿಸಿದ ಹಾಗೆ ಅಂದುಕೊಂಡೆ. ಯುಪಿಎಸ್ ಸ್ವಿಚ್ಚು ಒತ್ತಿದೆ. ಹಸಿರು ದೀಪ ಬಂತು. ಮೇನ್ ಸ್ವಿಚ್ಚು ಇಳಿಸಿ, ನಡುಮನೆಯ ಒಂದು ಟ್ಯೂಬು ಹಾಕಿ ತೋರಿಸಿದೆ. ಬೆಳಗಿತು. ಭಾವ ಚಪ್ಪಾಳೆ ತಟ್ಟಿದರು. "ಅಂಗಡಿಯೋನ ಹೊಟ್ಟೆಗೆ ಕಲ್ಲು ಹಾಕ್ಬಿಟ್ಟೆ ಕಣೋ" ಎಂದರು. ನಾನು ಆ ಸಂಜೆ ಮೂರು ಮನೆಗಳಿಗೆ ಹೋಗಿ ಇದನ್ನು ಹೇಳಿ ಬಂದೆ.

ಹಬ್ಬದ ಮರುವಾರ ಅಕ್ಕ ಮೊದಲ ಸಲ ಪೆಟ್ಟಿಗೆಗೆ ಮೊಟ್ಟೆ ಇಟ್ಟಳು. ಬುಟ್ಟಿಗೆ ಇಟ್ಟ ಹಾಗೆಯೇ, ಕೆನ್ನೆಗೆ ತಾಗಿಸಿ ನೋಡಿ. ಮೂಲೆಗೆ ಇದ್ದಿಲನ್ನೂ ಮೊಳೆಯನ್ನೂ ಸೇರಿಸಿದಳು. "ಥರ್ಮಾಮೀಟ್ರಿಗೆ ಇದ್ದಿಲು ಅಂದ್ರೆ ಏನು ಅಂತ ಗೊತ್ತಾ?" ಎಂದು ಭಾವ ಕೆಣಕಿದರು. "ಸಿಡಿಲಿಗೆ ಗೊತ್ತು, ನೀವು ಸುಮ್ನಿರಿ" ಎಂದಳು.

ಮಧ್ಯೆ ಮಧ್ಯೆ ಕರೆಂಟು ಹೋಗಿ ಬರುತ್ತಿತ್ತು. ಹೋದ ಕೂಡಲೇ ಯುಪಿಎಸ್ ಒಂದು ಕ್ಷಣ ಪೆಟ್ಟಿಗೆಯ ಬಲ್ಬು ಉರಿಸಿ, ಕುಂಯ್ ಎಂದು ಕೂಗಿ, ನಿಂತುಬಿಡುತ್ತಿತ್ತು. ಕರೆಂಟು ಬೇಗ ಬರುತ್ತಿದ್ದುದರಿಂದ ಮೊಟ್ಟೆಗಳಿಗೇನೂ ಆಗುತ್ತಿರಲಿಲ್ಲ. ಅಕ್ಕ ಕೇಳಿದಾಗ, "ನಿನ್ ಪೆಟ್ಟಿಗೆ ಜಾಸ್ತಿ ಎಳೆಯುತ್ತೆ. ಫ್ರಿಜ್ಜಿನ ಪ್ಲಗ್ ತೆಗಿ, ಮಿಕ್ಸಿ ಹಾಕ್ಬೇಡ" ಎಂದೆ. ಫ್ರಿಜ್ಜಿನ ಪ್ಲಗ್ಗೂ ಮಿಕ್ಸಿಯ ಪ್ಲಗ್ಗೂ ಯುಪಿಎಸ್ಸಿನ ವೈರಿಗೆ ಸೇರಿದ್ದೇ ಅಲ್ಲ. ಅದು ನನಗೆ ಗೊತ್ತಿತ್ತು. ಅಕ್ಕನಿಗೆ ಗೊತ್ತಿರಲಿಲ್ಲ. ಪಾಪ, ಕರೆಂಟು ಹೋದಾಗಲೆಲ್ಲ ಓಡಿ ಹೋಗಿ ಫ್ರಿಜ್ಜಿನ ಪ್ಲಗ್ ಕೀಳುತ್ತಿದ್ದಳು.

ಇನ್ನೇನು ಮೊಟ್ಟೆಗಳು ಒಡೆಯುವ ವಾರ. ಅಕ್ಕ, ಭಾವ ಇಬ್ಬರೂ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದರು, ನಾನು ಗೊಬ್ಬರದ ಬಾಡಿಗೆಗೆ ಹೋಗಿದ್ದೆ. ಬೆಳಿಗ್ಗೆಯೇ ಕರೆಂಟು ಹೋಗಿ, ಬಂದದ್ದು ಮರುದಿನ. ಸಂಜೆ ನಾವು ಮನೆಗೆ ಬರುವ ಹೊತ್ತಿಗೆ ಯುಪಿಎಸ್ ಯಾವಾಗಲೋ ನಿಂತಿತ್ತು. ಪೆಟ್ಟಿಗೆಯ ಗಾಜು ತಣ್ಣಗಿತ್ತು. ಒಡೆಯಬೇಕಾದ ದಿನ ಒಡೆಯಲಿಲ್ಲ. ಅಕ್ಕ ಇನ್ನೂ ಕೆಲವು ದಿನ ಕಾದಳು. ಆಮೇಲೆ ಒಂದನ್ನು ಒಡೆದು ನೋಡಿದಳು. ಒಳಗೆ ಪೂರ್ತಿ ಬೆಳೆದ ಮರಿ, ರೆಕ್ಕೆ, ಉಗುರು, ಎಲ್ಲ ಇತ್ತು. ಉಳಿದವುಗಳನ್ನು ಒಡೆಯಲಿಲ್ಲ. ಮಂಕರಿಗೆ ತುಂಬಿ ಬಾಳೆಬುಡದಲ್ಲಿ ಹೂತಳು.

ಆ ದಿನ ಊಟಕ್ಕೆ ಕೂತಾಗ ಭಾವ ಹೇಳಿದರು, "ಅಲ್ಲ, ಬ್ಯಾಟರಿ ಹೊಸದು. ಅದ್ಯಾಕೆ ನಿಂತೋಯ್ತು? ಅಂಗಡಿಯೋನ್ನ ಒಂದ್ಸಲ ಕರೆಸಾಣ."

ಅವನು ಬಂದರೆ ನನ್ನ ಕೆಲಸದಲ್ಲೇ ಏನಾದರೂ ಹುಡುಕುತ್ತಾನೆ. ಮೂರು ಮನೆಗಳಿಗೆ ಹೇಳಿಕೊಂಡು ಬಂದವನು ನಾನು. ತುತ್ತು ನುಂಗಿ ಹೇಳಿದೆ:

"ಬ್ಯಾಟರಿ ಸರಿಯಾಗೇ ಐತೆ ಭಾವ. ಕೈಗುಣ ಅನ್ನೋದೂ ಒಂದು ಇರುತ್ತಲ್ಲ. ಎಲ್ಲಾ ಕಾಲಕ್ಕೂ ಒಂದೇ ತರ ಇರುತ್ತಾ?"

ಅಕ್ಕ ಸಾರಿನ ಸೌಟು ಹಿಡಿದು ನಿಂತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ನನ್ನ ತಟ್ಟೆಗೆ ಸಾರು ಹಾಕಿ, ಸೌಟನ್ನು ಪಾತ್ರೆಗೆ ಬಿಟ್ಟು, ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡು, ಸೀರೆಗೆ ಒರೆಸಿಕೊಂಡಳು. ಅಂಗಡಿಯವನನ್ನು ಕರೆಸುವ ಮಾತು ಅಲ್ಲಿಗೆ ನಿಂತಿತು. ನನಗೆ ಬೇಕಾದದ್ದೂ ಅದೇ.

ಆಮೇಲೆ ಆದದ್ದನ್ನು ನಾನು ಎಣಿಸಿರಲಿಲ್ಲ. ಪಕ್ಕದ ಮನೆಯ ಚಿಕ್ಕಮ್ಮ ತನ್ನ ಹೇಂಟೆಗೆ ಮೊಟ್ಟೆ ಇಡಲು ಕರೆದಾಗ ಅಕ್ಕ ಹೋಗಲಿಲ್ಲ. "ನೀವೇ ಇಟ್ಕೊಳ್ಳಿ ಚಿಕ್ಕಮ್ಮ, ನನ್ ಕೈ ಈಗ ಸರಿಯಿಲ್ಲ" ಎಂದಳಂತೆ. ಬೇರೆ ಮನೆಯವರಿಗೂ ಅದೇ ಹೇಳಿದಳು. ಊರಲ್ಲಿ ಮಾತು ಹರಡಲು ಇಷ್ಟು ಸಾಕು. ಸ್ವಲ್ಪ ದಿನಕ್ಕೆ ಕರೆಯುವವರೇ ಕಡಿಮೆಯಾದರು. ಇದೆಲ್ಲ ನನ್ನ ಒಂದು ಮಾತಿನಿಂದ ಎಂದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಬದಲಿಗೆ ಒಂದು ಭಾನುವಾರ ಯುಪಿಎಸ್ಸಿನ ಮುಂದೆ ಕೂತು ಬ್ಯಾಟರಿಯ ಧೂಳು ಒರೆಸಿ, ನೀರಿನ ಮಟ್ಟ ನೋಡಿ, ಮತ್ತೆ ಅದೇ ಒಂದು ಟ್ಯೂಬು ಹಾಕಿ ತೋರಿಸಿ, "ಈಗ ಪಕ್ಕಾ ಆಯ್ತು. ಇನ್ನೊಂದು ಸಲ ಇಡು" ಎಂದೆ.

ಅಕ್ಕ ಇಡಿಸಿದಳು, ಆದರೆ ತಾನು ಇಡಲಿಲ್ಲ. ಚಿಕ್ಕಮ್ಮನನ್ನು ಕರೆದು ಇಡಿಸಿದಳು. ಚಿಕ್ಕಮ್ಮ ಒಂದೊಂದೇ ಮೊಟ್ಟೆ ಇಡುತ್ತಿದ್ದರೆ ಅಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು, ಬಾಗಿಲ ಹತ್ತಿರ ದೂರ ನಿಂತಿದ್ದಳು. ತಟ್ಟೆ ಒರೆಸುವುದಕ್ಕೂ ಹತ್ತಿರ ಬರಲಿಲ್ಲ. "ಒಂದನ್ನಾದ್ರೂ ಮುಟ್ಟೇ" ಎಂದರೆ, "ಬೇಡ ಚಿಕ್ಕಮ್ಮ, ಇದೂ ಹೋದ್ರೆ ಪೆಟ್ಟಿಗೇನ ಮಾರಿಬಿಡ್ತೀನಿ" ಎಂದಳು. ಆ ನಿಂತ ರೀತಿಯನ್ನು ನಾನು ಇವತ್ತಿಗೂ ಮರೆತಿಲ್ಲ.

ಈ ಸಲದ ಮೊಟ್ಟೆಗಳು ಒಡೆಯುವ ಸಮಯಕ್ಕೆ ಸರಿಯಾಗಿ ಶನಿವಾರ ಬಂತು. ನಾನು ಸಂತೆಯಲ್ಲಿ ಶುಂಠಿ ಚೀಲ ಇಳಿಸುತ್ತಿದ್ದೆ. ಅಕ್ಕನ ಫೋನು ಬಂತು.

"ಎಲ್ಲಿದ್ದೀಯೋ? ಆನೆ ಬೈನೆ ಮರ ಕೆಡವಿ ಲೈನು ತುಂಡಾಗೈತಂತೆ. ಇವತ್ತು ಕರೆಂಟು ಬರಲ್ಲ. ನಿನ್ ಯುಪಿಎಸ್ಸು ಆಗ್ಲೇ ಕೂಗಿ ನಿಂತೋಯ್ತು."

"ಮೊಟ್ಟೆ?"

"ಎರಡು ಮೊಟ್ಟೆ ಬಿರುಕು ಬಿಟ್ಟೈತೆ. ಒಳಗಿಂದ ಚಿಂವ್ ಚಿಂವ್ ಅಂತ ಕೇಳ್ತೈತೆ ಕಣೋ" ಎಂದಳು. "ಬಾರೋ ಬೇಗ."

ಉಳಿದ ಚೀಲಗಳನ್ನು ಪಕ್ಕದವನಿಗೆ ಒಪ್ಪಿಸಿ ಪಿಕಪ್ ತಿರುಗಿಸಿದೆ. ದಾರಿಯುದ್ದಕ್ಕೂ ಆ ಚಿಂವ್ ಚಿಂವ್ ನನ್ನ ಕಿವಿಯಲ್ಲೇ ಇತ್ತು. ಸತ್ತ ಮೊಟ್ಟೆಗಳನ್ನು ಹೂಳುವುದು ಒಂದು, ಕೂಗುತ್ತಿರುವ ಮೊಟ್ಟೆಗಳು ಕಣ್ಣೆದುರು ತಣ್ಣಗಾಗುವುದು ಇನ್ನೊಂದು. ಇವೂ ಹೋದರೆ ಪೆಟ್ಟಿಗೆ ಹೋಗುತ್ತದೆ, ಅಕ್ಕನ ಕೈ ಸೆರಗಿನೊಳಗೇ ಉಳಿಯುತ್ತದೆ.

ಮನೆಯಲ್ಲಿ ಅಕ್ಕ ಬಾಟಲಿಗಳಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಪೆಟ್ಟಿಗೆಯೊಳಗೆ ಇಡುತ್ತಿದ್ದಳು, ಮೊಟ್ಟೆಗೆ ಕೈ ತಾಗದ ಹಾಗೆ ಹುಷಾರಾಗಿ. ಭಾವ ಪೆಟ್ಟಿಗೆಗೆ ಕಂಬಳಿ ಹೊದಿಸಿ ಹಿಡಿದುಕೊಂಡಿದ್ದರು. ಚಿಕ್ಕಮ್ಮ ಮುಕ್ಕಾಲಿ ಹಾಕಿಕೊಂಡು ಎದುರಿಗೇ ಕೂತಿದ್ದರು.

"ಬಂದ ನೋಡು ಇಂಜಿನಿಯರು" ಎಂದರು ಚಿಕ್ಕಮ್ಮ. "ನಮ್ ಕಾಲದಲ್ಲಿ ಹೇಂಟೆಗೆ ವೈರೇ ಇರಲಿಲ್ಲ. ಎದ್ದೋದ್ರೆ ಹಿಡ್ಕೊಂಡು ಬಂದು ಕೂರಿಸ್ತಿದ್ವಿ."

"ಇದನ್ನೂ ಹಂಗೇ ಕೂರಿಸ್ತಾನೆ, ತಾಳಿ" ಎಂದರು ಭಾವ. ಅವರ ಮುಖದಲ್ಲಿ ನಗು ಇರಲಿಲ್ಲ.

ನಾನು ಯುಪಿಎಸ್ಸಿನ ಮುಂದೆ ಕೂತೆ. ಆರಿಸಿ ಮತ್ತೆ ಹಚ್ಚಿದೆ. ಹಸಿರು ದೀಪ ಬಂತು, ಬ್ಯಾಟರಿ ತುಂಬಿದೆ ಎಂದು ತೋರಿಸಿತು. ಪೆಟ್ಟಿಗೆಯ ಬಲ್ಬು ಉರಿದು, ಮಂಕಾಗಿ, ಕುಂಯ್. ನಿಂತಿತು. ಹಿಂಬದಿಯ ಫ್ಯೂಸು ತೆಗೆದು ನೋಡಿದೆ, ಚೆನ್ನಾಗಿತ್ತು. ಮನೆಯ ಬೇರೆ ಎಲ್ಲ ಸ್ವಿಚ್ಚು ಆರಿಸಿ ಪೆಟ್ಟಿಗೆಯೊಂದನ್ನೇ ಉಳಿಸಿದೆ. ಮತ್ತೆ ಕುಂಯ್. ಪೆಟ್ಟಿಗೆ ತೆಗೆದು ಒಂದು ಟ್ಯೂಬು ಹಾಕಿದೆ. ಬೆಳಗಿತು, ಬೆಳಗುತ್ತಲೇ ಇತ್ತು. ಇಷ್ಟು ದಿನ ನಾನು ಎಲ್ಲರಿಗೂ ತೋರಿಸಿ ಮೆರೆದದ್ದು ಈ ಟ್ಯೂಬನ್ನೇ. ಪೆಟ್ಟಿಗೆ ಕೇಳುವುದು ಅದಕ್ಕಿಂತ ಎಷ್ಟೋ ಹೆಚ್ಚು ಕರೆಂಟು. ಸಣ್ಣ ದೀಪಕ್ಕೆ ಸಾಕಾಗುವುದು ದೊಡ್ಡದಕ್ಕೆ ಯಾಕೆ ಸಾಕಾಗುವುದಿಲ್ಲ? ತೊಟ್ಟಿಯಲ್ಲಿ ನೀರು ತುಂಬಿದ್ದೂ ನಲ್ಲಿಯಲ್ಲಿ ಸಣ್ಣಗೆ ಬಂದರೆ ನಾವು ತೊಟ್ಟಿಯನ್ನು ಬೈಯುವುದಿಲ್ಲ, ಪೈಪಿನಲ್ಲಿ ಏನು ಸಿಕ್ಕಿಕೊಂಡಿದೆ ಎಂದು ನೋಡುತ್ತೇವೆ.

ಪಿಕಪ್ಪಿನಲ್ಲಿ ಒಂದು ಹಳೆಯ ಹೆಡ್‌ಲೈಟ್ ಬಲ್ಬು ಇಟ್ಟಿರುತ್ತೇನೆ, ಎರಡು ವೈರು ಕಟ್ಟಿ. ದಾರಿಯಲ್ಲಿ ಗಾಡಿ ನಿಂತರೆ ಕರೆಂಟು ಎಲ್ಲಿವರೆಗೆ ಬಂದಿದೆ ಎಂದು ಅದರಲ್ಲೇ ನೋಡುವುದು. ಅದನ್ನು ತಂದೆ. ಒಂದು ಬ್ಯಾಟರಿಯ ಎರಡು ಗುಬಟುಗಳ ನೆತ್ತಿಯನ್ನು ಚಾಕುವಿನಿಂದ ಕೆರೆದು, ವೈರುಗಳನ್ನು ನೇರ ಸೀಸಕ್ಕೇ ಮುಟ್ಟಿಸಿದೆ. ಬಲ್ಬು ಕಣ್ಣು ಕೋರೈಸುವ ಹಾಗೆ ಉರಿಯಿತು. ಚಿಕ್ಕಮ್ಮ ಮುಖ ತಿರುಗಿಸಿದರು. ಹಾಗಾದರೆ ಬ್ಯಾಟರಿಯಲ್ಲಿ ಬಲವಿದೆ. ಈಗ ವೈರುಗಳನ್ನು ಒಂದಿಷ್ಟು ಈಚೆ ತಂದು, ಗುಬಟನ್ನು ಹಿಡಿದ ಕ್ಲಾಂಪಿನ ಬೋಲ್ಟುಗಳಿಗೆ ಮುಟ್ಟಿಸಿದೆ. ಬಲ್ಬು ಕೆಂಪಗೆ, ಬೀಡಿಯ ತುದಿಯಷ್ಟು ಉರಿಯಿತು.

ಗುಬಟಿಗೂ ಕ್ಲಾಂಪಿಗೂ ನಡುವೆ ಒಂದು ದಾರ ಹೋಗುವ ಸಂದೂ ಇಲ್ಲ. ಆದರೂ ಬಲವೆಲ್ಲ ಅಲ್ಲೇ ನಿಲ್ಲುತ್ತಿದೆ. ಎರಡನೇ ಬ್ಯಾಟರಿಯಲ್ಲೂ ಹಾಗೇ.

ಅಕ್ಕ ಬಾಟಲಿ ಬದಲಾಯಿಸಿ ಬಂದು ನನ್ನ ಹಿಂದೆ ಬಗ್ಗಿ ನೋಡಿದಳು. ನಾನು ಇನ್ನೊಂದು ಸಲ ಬಲ್ಬನ್ನು ಕ್ಲಾಂಪಿಗೆ ಮುಟ್ಟಿಸಿ ಹಿಡಿದಿದ್ದೆ.

"ಏನೋ ಇದು, ಗಂಧದ ವಾಸನೆ? ಯಾರು ಊದುಬತ್ತಿ ಹಚ್ಚಿದ್ದು?"

"ದೇವರೇ ಬಂದವ್ನೆ ಅನ್ನು, ಕಾಪಾಡೋಕೆ" ಎಂದು ಚಿಕ್ಕಮ್ಮ ಕೈ ಮುಗಿದರು.

ನನಗೆ ಕೈ ಮುಗಿಯುವ ಧೈರ್ಯವಾಗಲಿಲ್ಲ. ಕ್ಲಾಂಪು ಮುಟ್ಟಿದೆ. ಬೆಚ್ಚಗಿತ್ತು. ವಾಸನೆ ಬರುತ್ತಿದ್ದುದು ಅಲ್ಲಿಂದಲೇ. ಯುಪಿಎಸ್ ಪೂರ್ತಿ ಆರಿಸಿ, ಸ್ಪ್ಯಾನರ್ ಹಾಕಿ ಕ್ಲಾಂಪು ಕಿತ್ತೆ. ಒಳಗಡೆ, ಸೀಸದ ಸುತ್ತ, ಒಣಗಿ ಹೆಂಚಿನ ಹಾಗೆ ಗಟ್ಟಿಯಾದ ಹಳದಿ ಪದರ. ನಡುನಡುವೆ ಕುಂಕುಮದ ಕೆಂಪು. ನಾನು ಬಳಿದ ಗಂಧ. ಗುಬಟಿನ ಮೈಗೂ ಕ್ಲಾಂಪಿನ ಮೈಗೂ ನಡುವೆ ಗೋಡೆ ಕಟ್ಟಿಕೊಂಡು ಕೂತಿತ್ತು. ಒಂದು ಟ್ಯೂಬಿಗಾಗುವಷ್ಟು ಕರೆಂಟು ಎಲ್ಲೋ ಬಿರುಕಿನಲ್ಲಿ ನುಸುಳುತ್ತಿತ್ತು. ಉಳಿದದ್ದೆಲ್ಲ ಅಲ್ಲೇ ಬಿಸಿಯಾಗಿ, ಗಂಧವನ್ನು ಬೇಯಿಸಿ, ವಾಸನೆ ಎಬ್ಬಿಸುತ್ತಿತ್ತು.

"ಏನಾಗೈತೋ?" ಎಂದು ಭಾವ ಕಂಬಳಿಯ ಕಡೆಯಿಂದ ಕೂಗಿದರು.

"ಲೂಸು ಭಾವ. ಕನೆಕ್ಷನ್ ಲೂಸಾಗೈತೆ" ಎಂದೆ, ಅಂಗೈ ಅಡ್ಡ ಹಿಡಿದು. ಬೆನ್ನು ಎಲ್ಲರ ಕಡೆಗಿತ್ತು. ಕೆರೆದ ಪುಡಿಯನ್ನು ಒಂದು ಕಾಗದದ ಚೂರಿಗೆ ಸುರಿದು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡೆ. ಅಂಥ ಹೊತ್ತಿನಲ್ಲೂ ನನಗೆ ತಪ್ಪು ಬಚ್ಚಿಡುವುದೇ ಹೊಳೆಯಿತು ನೋಡಿ.

ನಾಲ್ಕು ಗುಬಟುಗಳನ್ನೂ ಚಾಕುವಿನಲ್ಲಿ ಕೆರೆದೆ, ಉಪ್ಪುಕಾಗದದಲ್ಲಿ ತಿಕ್ಕಿದೆ. ಕ್ಲಾಂಪುಗಳ ಒಳಮೈಯನ್ನೂ ತಿಕ್ಕಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಒರೆಸಿ, ಸೀಸ ಮತ್ತೆ ಹಬ್ಬದ ದಿನದ ಹಾಗೆ ಹೊಳೆಯುವವರೆಗೆ ಬಿಡಲಿಲ್ಲ. ಅಷ್ಟರಲ್ಲಿ ಬಿಸಿನೀರಿನ ಹಂಡೆ ಖಾಲಿಯಾಗಿ ಅಕ್ಕ ಒಲೆಗೆ ಮತ್ತೆ ಸೌದೆ ಒಟ್ಟಿದ್ದಳು. "ಕೂಗು ನಿಂತೈತೆ ಕಣೋ, ಒಂದೇ ಒಂದು ಕೂಗ್ತೈತೆ" ಎಂದಳು. ಅವಸರದಲ್ಲಿ ಬೋಲ್ಟು ಒಮ್ಮೆ ಕೆಳಗೆ ಬಿತ್ತು. ಹುಡುಕಿ ಹಾಕಿ ಬಿಗಿದೆ. ಇನ್ನೊಮ್ಮೆ ಬಲ್ಬನ್ನು ಕ್ಲಾಂಪಿಗೆ ಮುಟ್ಟಿಸಿದೆ. ಚಿಕ್ಕಮ್ಮ ಮತ್ತೆ ಮುಖ ತಿರುಗಿಸಬೇಕಾಯಿತು.

ಸ್ವಿಚ್ಚು ಒತ್ತಿದೆ.

ಪೆಟ್ಟಿಗೆಯ ಬಲ್ಬು ಹೊತ್ತಿತು. ಎಲ್ಲರೂ ಕುಂಯ್‌ಗೆ ಕಾದೆವು. ಬರಲಿಲ್ಲ. ಪುಟ್ಟ ಫ್ಯಾನು ಗುರ್ ಎಂದು ತಿರುಗಿತು. ತಟ್ಟೆಯ ಮೇಲಿನ ಮೊಟ್ಟೆಗಳ ಮೇಲೆ ಹಳದಿ ಬೆಳಕು ಬಿತ್ತು. ಭಾವ ಕಂಬಳಿ ಸರಿಸಿ ಗಾಜಿಗೆ ಮೂಗು ಒತ್ತಿದರು. ಬಲ್ಬು ಮಂಕಾಗಲಿಲ್ಲ. ಸ್ವಲ್ಪ ಹೊತ್ತಿಗೆ ಗಾಜು ಬೆಚ್ಚಗಾಯಿತು, ಒಳಗೆ ಒಂದು ಕೂಗಿತು, ಅದಕ್ಕೆ ಇನ್ನೊಂದು ಉತ್ತರ ಕೊಟ್ಟಿತು.

"ಗೆದ್ಬಿಟ್ಟ ಕಣ್ರೀ!" ಎಂದು ಭಾವ ನನ್ನ ಬೆನ್ನಿಗೆ ಗುದ್ದಿದರು. ಅಕ್ಕ ಗಾಜಿನ ಮುಂದೆ ಕೂತವಳು ಏಳಲಿಲ್ಲ. ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ಕಾಣಲಿಲ್ಲ.

ಸಂಜೆಯ ಹೊತ್ತಿಗೆ ಮೊದಲ ಮರಿ ಸಿಪ್ಪೆ ಕಳಚಿ, ಒದ್ದೆ ಮೈಯಲ್ಲಿ ಮುಗ್ಗರಿಸಿ ಮುಗ್ಗರಿಸಿ ನಿಂತಿತು. ಬೆಳಗಾಗುವುದರೊಳಗೆ ತಟ್ಟೆಯ ತುಂಬ ಮರಿ. ಲೈನು ಸರಿಯಾಗಿರಲಿಲ್ಲ, ಆದರೆ ಯುಪಿಎಸ್ ಒಂದು ಸಲವೂ ಕೂಗಲಿಲ್ಲ. ಬೆಳಿಗ್ಗೆ ನೋಡಲು ಅಕ್ಕಪಕ್ಕದವರು ಬಂದರು. ನಡುಮನೆಯಲ್ಲಿ ಜಾಗವಿಲ್ಲ. ಕಾಫಿ ಮೇಲೆ ಕಾಫಿ. ಭಾವ ಬಂದವರಿಗೆಲ್ಲ ನನ್ನ ಹೆಡ್‌ಲೈಟ್ ಬಲ್ಬಿನ ಕತೆ ಹೇಳಿದರು, ಹೇಳುವಾಗಲೆಲ್ಲ ಬಲ್ಬು ಇನ್ನಷ್ಟು ದೊಡ್ಡದಾಗುತ್ತಿತ್ತು. ನಾನು ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದೆ. ಸುಖವಾಗಿಯೇ ಇತ್ತು ಎಂದು ಒಪ್ಪಿಕೊಳ್ಳಬೇಕು.

ಆಗ ಒಬ್ಬಾಕೆ ಕೇಳಿದಳು, "ಈ ಸಲ ಯಾರ ಕೈಲಿ ಇಡಿಸಿದ್ದು?"

"ನಾನೇ ಕಣವ್ವಾ" ಎಂದರು ಚಿಕ್ಕಮ್ಮ.

"ಹೌದು, ಚಿಕ್ಕಮ್ಮನ ಕೈಗುಣ" ಎಂದಳು ಅಕ್ಕ. ಹೊಟ್ಟೆಕಿಚ್ಚಿನಿಂದ ಅಲ್ಲ, ನಿಜವೆಂದು ನಂಬಿ ಹೇಳಿದಳು. ಹೇಳಿ, ಕೈಗಳನ್ನು ಮತ್ತೆ ಸೆರಗಿನೊಳಗೆ ಸೇರಿಸಿಕೊಂಡಳು.

ನನ್ನ ಜೇಬಿನ ಕಾಗದ ಇನ್ನೂ ಅಲ್ಲೇ ಇತ್ತು. ಅದನ್ನು ಬಚ್ಚಲ ಒಲೆಗೆ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮರಿಗಳೆಲ್ಲ ಬದುಕಿ, ಅಕ್ಕನ ಕೈ ಮಾತ್ರ ಸತ್ತ ಹಾಗೆ ಉಳಿಯುವುದು ಯಾವ ಗೆಲುವು?

ಮುಂದೆ ಬಂದು ಕಾಗದ ಬಿಚ್ಚಿದೆ. "ಅಕ್ಕ, ಕೈಗುಣ ಅಲ್ಲ. ಇದು" ಎಂದೆ. "ಹಬ್ಬದ ದಿನ ನಾನು ಬಳ್ದ ಗಂಧ. ಕ್ಲಾಂಪಿನ ಒಳಗೆ ಕೂತು ಕರೆಂಟು ತಡೆದಿತ್ತು. ಮೊದಲನೇ ಸಲದ ಮೊಟ್ಟೆ ಹೋಗಿದ್ದೂ ಇದ್ರಿಂದಲೇ. ಲೂಸು ಅಂದಿದ್ದು ಸುಳ್ಳು. ಫ್ರಿಜ್ಜಿನ ಪ್ಲಗ್ ಅಂದಿದ್ದೂ ಸುಳ್ಳು. ನಿನ್ ಕೈ ಬಗ್ಗೆ ಆಡಿದ್ದು, ಅಂಗಡಿಯೋನು ಬಂದು ನನ್ ತಪ್ಪು ತೋರಿಸ್ತಾನೆ ಅಂತ ಹೆದರಿ ಆಡಿದ್ದು."

ಅಕ್ಕ ಕೂತಲ್ಲಿಂದಲೇ ಬಗ್ಗಿ ಪುಡಿಯನ್ನು ಮೂಸಿ ನೋಡಿದಳು.

"ಫ್ರಿಜ್ಜಿನ ಪ್ಲಗ್ಗೂ ಸುಳ್ಳಾ?" ಎಂದಳು ಅಕ್ಕ.

"ಹೂಂ."

"ಒಂದು ತಿಂಗಳು ಓಡಿಸಿದೀಯಲ್ಲೋ ನನ್ನ, ಕರೆಂಟು ಹೋದಾಗಲೆಲ್ಲ! ಒಲೆ ಮೇಲೆ ಹಾಲು ಬಿಟ್ಟು ಓಡಿದೀನಿ!" ಎದ್ದು ನಿಂತಳು. ಕೈಗಳು ಸೆರಗಿನಿಂದ ಹೊರಗೆ ಬಂದವು. ಏಟು ಬೀಳುತ್ತದೆ ಎಂದು ಕಣ್ಣು ಮುಚ್ಚಿದೆ. ಅವಳು ಕಾಗದದ ಪುಡಿಗೆ ಬೆರಳು ಒತ್ತಿ, ನನ್ನ ಹಣೆಯ ಮೇಲೆ ಆ ಕಿವಿಯಿಂದ ಈ ಕಿವಿಯವರೆಗೆ ಎಳೆದಳು. ಸೀಸದ ಕಪ್ಪು, ಗಂಧ, ಕುಂಕುಮ ಎಲ್ಲ ಸೇರಿ.

"ಗಂಧ ಹಚ್ಚೋ ಜಾಗ ಇದು. ಗೊತ್ತಾಯ್ತಾ?"

ಮೊದಲು ನಕ್ಕದ್ದು ಭಾವ, ಆಮೇಲೆ ಎಲ್ಲರೂ. "ಹಂಗಾದ್ರೆ ನನ್ ಕೈಗುಣ ಏನಾಯ್ತು?" ಎಂದು ಚಿಕ್ಕಮ್ಮ ಕೇಳುತ್ತಲೇ ಇದ್ದರು. "ನಿಮ್ದು ಐತೆ ಚಿಕ್ಕಮ್ಮ, ಎಲ್ಲೂ ಹೋಗಿಲ್ಲ" ಎಂದಳು ಅಕ್ಕ. "ನಂದೂ ಐತೆ."

ಅವಳು ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ಸಲಕ್ಕೆ ಮೊಟ್ಟೆ ನಾನೇ ತರಬೇಕು, ಊರ ಮನೆ ಮನೆಗೂ ಹೋಗಿ, ಬಾಗಿಲಲ್ಲಿ ನಿಂತು, ಹಿಂದಿನ ಸಲ ಏನಾಯಿತೆಂದು ಹೇಳಿ ಕೇಳಬೇಕು. ಹೋದೆ. ಕೆಲವರು ಪಾಪ ಎಂದರು, ಕೆಲವರು ಬೇಕೆಂದೇ ಎರಡೆರಡು ಸಲ ಹೇಳಿಸಿದರು. ಒಂದು ಮನೆಯ ಅಜ್ಜಿ ಮೊಟ್ಟೆ ಕೊಟ್ಟು, "ಟಾರ್ಚ್ ಹತ್ತಲ್ಲ ಕಣಪ್ಪ, ಯಾವ ದೇವರ ಗಂಧ ಹಚ್ಚಲಿ?" ಎಂದು ಕೇಳಿದರು. ಈಗಲೂ ಸಂತೆಯಲ್ಲಿ ಗಾಡಿ ನಿಲ್ಲಿಸಿದರೆ ಯಾರಾದರೊಬ್ಬರು ಗಂಧದ ಮಿಸ್ತ್ರಿ ಎನ್ನುತ್ತಾರೆ. ಮೊದಲು ಉರಿಯುತ್ತಿತ್ತು. ಈಗ ತಿರುಗಿ ನೋಡುತ್ತೇನೆ.

ಮೊಟ್ಟೆ ಇಡುವ ದಿನ ಮನೆಯಲ್ಲಿ ನಾವು ಮೂವರೇ. ಅಕ್ಕ ತಲೆಗೆ ಸ್ನಾನ ಮಾಡಿ ಬಂದು, ಇದ್ದಿಲು, ಮೊಳೆ ಮೂಲೆಗೆ ಸೇರಿಸಿ, ಒಂದೊಂದೇ ಮೊಟ್ಟೆಯನ್ನು ಕೆನ್ನೆಗೆ ತಾಗಿಸಿ ಇಡುತ್ತ ಹೋದಳು. ಕೊನೆಯದನ್ನು ನನ್ನ ಕೈಗೆ ಕೊಟ್ಟಳು.

"ಇದನ್ನ ನೀನಿಡು."

"ಬೇಡಕ್ಕ."

"ಇಡೋ. ಇದೊಂದು ಹಾಳಾದ್ರೆ ಯಾರ ಕೈಗುಣ ಅಂತ ಗೊತ್ತಾಗ್ಲಿ." ಭಾವನ ಪೆನ್ಸಿಲ್ ತೆಗೆದುಕೊಂಡು ಅದರ ಮೇಲೆ ಒಂದು ದುಂಡು ಬೊಟ್ಟು ಬರೆದಳು.

ಅವಳ ಮೊಟ್ಟೆಗಳೆಲ್ಲ ಒಡೆದವು. ಊರಿನವರು ಬಂದರು, ನೋಡಿದರು, ಚಿಕ್ಕಮ್ಮ ಆ ದಿನವೇ ತನ್ನ ಹೇಂಟೆಗೆ ಮೊಟ್ಟೆ ಇಡಲು ಅಕ್ಕನನ್ನು ಕೈ ಹಿಡಿದು ಎಳೆದುಕೊಂಡು ಹೋದರು. ಬೊಟ್ಟಿನ ಮೊಟ್ಟೆ ಮಾತ್ರ ಅಲ್ಲಾಡದೆ ಬಿದ್ದಿತ್ತು. ನಾನು ಅದರ ಆಸೆ ಬಿಟ್ಟಿದ್ದೆ. ಮರುದಿನ ಮಧ್ಯಾಹ್ನ ನಾನು ಊಟ ಮಾಡುತ್ತಿದ್ದಾಗ ಅಕ್ಕ ಕರೆದಳು. ಹೋಗಿ ನೋಡಿದರೆ ಬೊಟ್ಟಿನ ಪಕ್ಕದಲ್ಲೇ ಒಂದು ತೂತು, ತೂತಿನಲ್ಲಿ ಕೊಕ್ಕು.

"ನಿನ್ ಹಂಗೇ" ಎಂದಳು ಅಕ್ಕ. "ಬಾಯಿ ಬಿಡೋಕೆ ಎಲ್ರಿಗಿಂತ ಲೇಟು."